ಗ್ಯಾರೇಜಿನ ಒಣಮೀನು

ನವೆಂಬರಿನ ಎರಡನೆಯ ವಾರ ಅಬ್ನೆರ್ ತನ್ನ ಕೆಲಸದ ವ್ಯಾನನ್ನು ಮನೆಯ ಗ್ಯಾರೇಜಿನೊಳಗೆ ತಂದು ನಿಲ್ಲಿಸಿದ. ಅಂದಿನಿಂದ ಅವನ ಹೆಂಡತಿ ಡೆಲ್ಫಾಳ ಕಾರು ಬೀದಿಪಾಲಾಯಿತು. ಡೆಲ್ಫಾಳಿಗೆ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು. ಕಾರಿನ ಗಾಜಿಗೆ ಅಂಟಿದ ಮಂಜುಗಡ್ಡೆಯನ್ನು ಕಾಲು ಗಂಟೆ ಕೆರೆದು, ಕೈ ಮರಗಟ್ಟಿಸಿಕೊಂಡು ಹೊರಡುವಾಗ ದಿನವೂ ಒಂದು ಮಾತು ಆಡದೆ ಅವಳು ಹೋಗುತ್ತಿರಲಿಲ್ಲ. ವ್ಯಾನಿಗಿರುವ ಯೋಗ ತನಗಿಲ್ಲ ಎಂದು ಒಂದು ದಿನ, ಮುಂದಿನ ಜನ್ಮದಲ್ಲಿ ಆ ವ್ಯಾನಿನೊಳಗಿನ ಪಂಪಾಗಿ ಹುಟ್ಟುತ್ತೇನೆ ಎಂದು ಇನ್ನೊಂದು ದಿನ.

ಅಬ್ನೆರ್‌ಗೆ ಬೇರೆ ದಾರಿ ಇರಲಿಲ್ಲ. ಅವನದು ಕಾರ್ಪೆಟ್ ತೊಳೆಯುವ ಕೆಲಸ. ವ್ಯಾನಿನ ಹಿಂಭಾಗವೆಲ್ಲ ಯಂತ್ರವೇ: ನೀರಿನ ತೊಟ್ಟಿ, ಪಂಪು, ನೀರು ಕಾಯಿಸುವ ಸುರುಳಿ ಕೊಳವೆ, ಕೊಳೆನೀರನ್ನು ಹೀರಿ ತುಂಬಿಕೊಳ್ಳುವ ಇನ್ನೊಂದು ತೊಟ್ಟಿ, ಮಾರುದ್ದದ ಪೈಪುಗಳ ಸುತ್ತು. ವಿನಿಪೆಗ್ಗಿನ ಚಳಿಗಾಲದಲ್ಲಿ ಅಂಥ ವ್ಯಾನನ್ನು ಒಂದು ರಾತ್ರಿ ಹೊರಗೆ ಬಿಟ್ಟರೆ ಮುಗಿಯಿತು. ಎಷ್ಟು ಬಸಿದರೂ ಮೂಲೆಮುಡುಕಿನಲ್ಲಿ ಸ್ವಲ್ಪ ನೀರು ಉಳಿದೇ ಇರುತ್ತದೆ. ಅದು ಹೆಪ್ಪುಗಟ್ಟಿ ಹಿಗ್ಗಿದರೆ ಹಿತ್ತಾಳೆಯನ್ನೂ ಸೀಳುತ್ತದೆ, ತಾಮ್ರವನ್ನೂ ಸೀಳುತ್ತದೆ. ಹೋದ ವರ್ಷದವರೆಗೆ ಗೆಳೆಯನೊಬ್ಬನ ವರ್ಕ್‌ಶಾಪಿನ ಮೂಲೆಯಲ್ಲಿ ವ್ಯಾನಿಗೆ ಜಾಗವಿತ್ತು. ಈ ವರ್ಷ ಗೆಳೆಯ ಅದನ್ನು ಮಾರಿ ಮಗಳ ಊರಿಗೆ ಹೋಗಿಬಿಟ್ಟ. ಅಬ್ನೆರ್ ಗ್ಯಾರೇಜಿನ ಗೋಡೆಗೆಲ್ಲ ಒಳಗಿನಿಂದ ದಪ್ಪನೆಯ ಹತ್ತಿಯಂಥ ಪದರ ಹೊಡೆದು, ಮೇಲೆ ಗ್ಯಾಸಿನ ಹೀಟರು ತೂಗುಹಾಕಿದ.

ಆದರೆ ಆ ಗ್ಯಾರೇಜಿಗೆ ಮೊದಲೇ ಒಬ್ಬರು ವಾರಸುದಾರರಿದ್ದರು. ಅಬ್ನೆರ್‌ನ ತಾಯಿ ಪೂರಿಂಗ್.

ಎಪ್ಪತ್ತಾರು ವಯಸ್ಸಿನ ಪೂರಿಂಗ್ ಫಿಲಿಪೀನ್ಸಿನ ಪಂಗಸಿನಾನಿನಿಂದ ಮಗನ ಮನೆಗೆ ಬಂದು ಎರಡು ವರ್ಷವಾಗಿತ್ತು. ಬಂದ ಮೊದಲ ವಾರವೇ ಅಡುಗೆಮನೆಯಲ್ಲಿ ಒಣಮೀನು ಹುರಿದು, ಆ ವಾಸನೆ ಡೆಲ್ಫಾಳ ಕೋಟಿಗೆ, ಪರದೆಗೆ, ಮೊಮ್ಮಗಳು ಅಲ್ಮೀರಾಳ ಕಾಲೇಜು ಚೀಲಕ್ಕೆ ಹತ್ತಿ ದೊಡ್ಡ ರಂಪವಾಗಿತ್ತು. ಕೊನೆಗೆ ಆದ ರಾಜಿ ಎಂದರೆ, ಮನೆಯವರ ಅಡುಗೆಯೆಲ್ಲ ಅಡುಗೆಮನೆಯಲ್ಲಿ, ಒಣಮೀನು ಮಾತ್ರ ಗ್ಯಾರೇಜಿನಲ್ಲಿ. ಪೂರಿಂಗ್ ಅಲ್ಲಿ ಒಂದು ಕರೆಂಟ್ ಒಲೆ, ಕಬ್ಬಿಣದ ಬಾಣಲೆ, ಒಂದು ಮೊಣಕಾಲೆತ್ತರದ ಸ್ಟೂಲು ಇಟ್ಟುಕೊಂಡಿದ್ದಳು. ವಾರಕ್ಕೆ ಮೂರು ದಿನ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಕೊರೆಯುವ ಗ್ಯಾರೇಜಿನಲ್ಲಿ ಕೂತು ಮೀನು ಹುರಿದುಕೊಳ್ಳುತ್ತಿದ್ದಳು. ಈ ವರ್ಷ ಹೀಟರು ಬಂದಾಗ ಅತಿ ಹೆಚ್ಚು ಖುಷಿಪಟ್ಟವಳು ಅವಳೇ. ಸ್ವೆಟರು ಎರಡರಿಂದ ಒಂದಕ್ಕೆ ಇಳಿಯಿತು. ಮೀನಿನ ದಿನ ಮೂರರಿಂದ ಐದಕ್ಕೆ ಏರಿತು.

ಡಿಸೆಂಬರಿನ ನಡುವೆ ಒಂದು ಮಂಗಳವಾರ ಅಬ್ನೆರ್‌ಗೆ ಫೋನು ಬಂತು. ಸತ್ತವರನ್ನು ಕೊನೆಯ ದರ್ಶನಕ್ಕೆ ಇಡುವ ಭವನವೊಂದರಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಕಾರ್ಪೆಟ್ ತೊಳೆಯುವ ಕೆಲಸ ಅವನದು. ಚಳಿಗಾಲದಲ್ಲಿ ಬೇರೆ ಮನೆಗಳ ಕೆಲಸ ಕಡಿಮೆ. ಈ ಭವನವನ್ನೇ ನೆಚ್ಚಿಕೊಂಡು ಸಂಸಾರ ನಡೆಯುತ್ತಿತ್ತು. ಫೋನು ಮಾಡಿದವನು ಅಲ್ಲಿನ ವ್ಯವಸ್ಥಾಪಕ, ಮೆತ್ತನೆಯ ಮಾತಿನವನು. ಹಿಂದಿನ ದಿನ ಒಂದು ಕುಟುಂಬ ತಂದೆಯ ದರ್ಶನಕ್ಕೆ ಬಂದಿತ್ತಂತೆ. ಸಭಾಂಗಣದೊಳಗೆ ಕಾಲಿಟ್ಟವರು ಮೂಗು ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರಂತೆ. ಮೀನಿನ ವಾಸನೆ. ದೇಹವನ್ನು ಸರಿಯಾಗಿ ಇಟ್ಟಿದ್ದೀರೋ ಇಲ್ಲವೋ ಎಂದು ಹಿರಿಮಗ ಕೇಳಿಯೇಬಿಟ್ಟನಂತೆ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೇಳಿ ಅವನು ಫೋನಿಟ್ಟ.

ಅಬ್ನೆರ್ ಗ್ಯಾರೇಜಿಗೆ ಹೋಗಿ ವ್ಯಾನಿನ ಬಾಗಿಲು ತೆರೆದು ಮೂಸಿದ. ಪೈಪು, ಟವೆಲ್ಲು, ಬೂಟಿನ ಮೇಲೆ ಹಾಕುವ ಚೀಲ, ಎಲ್ಲದಕ್ಕೂ ವಾಸನೆ ಹಿಡಿದಿತ್ತು. ಒದ್ದೆ ಕಾರ್ಪೆಟ್ ಒಣಗಿಸಲು ಒಯ್ಯುವ ದೊಡ್ಡ ಫ್ಯಾನುಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದು ತಿಂಗಳ ಎಣ್ಣೆ ಹೊಗೆ ಕುಡಿದ ಆ ಫ್ಯಾನುಗಳನ್ನು ಅವನೇ ಸಭಾಂಗಣದ ನಾಲ್ಕು ಮೂಲೆಗಿಟ್ಟು ಎರಡು ಗಂಟೆ ಓಡಿಸಿದ್ದ. ದಿನಾ ಅದೇ ಮನೆಯಲ್ಲಿದ್ದ ಅವನ ಮೂಗಿಗೆ ಏನೂ ಗೊತ್ತಾಗಿರಲಿಲ್ಲ.

ಇದನ್ನು ತಾಯಿಗೆ ಹೇಳುವವರು ಯಾರು? ಅವನು ಹೆಂಡತಿಯನ್ನು ಕೇಳಿದ. ಮನೆಯೊಳಗೆ ಮೀನು ಬೇಡ ಎಂದು ಎರಡು ವರ್ಷದಿಂದ ತಾನು ಕೆಟ್ಟವಳಾಗಿದ್ದು ಸಾಕು, ಈ ಸಲ ನೀನೇ ಆಗು ಎಂದು ಡೆಲ್ಫಾ ಕೈ ಝಾಡಿಸಿದಳು. ಎರಡು ದಿನ ಇಬ್ಬರೂ ಹೇಳಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ, ಪೂರಿಂಗ್ ಹುಣಸೆಹಣ್ಣು ಹಿಂಡಿ ಮಾಡಿದ ಹಂದಿಮಾಂಸದ ಸಾರು ಬಡಿಸುತ್ತಿದ್ದಾಗ, ಅಲ್ಮೀರಾ ಮೊಬೈಲಿನಿಂದ ತಲೆಯೆತ್ತದೆ ಹೇಳಿಬಿಟ್ಟಳು.

"ಅಜ್ಜಿ, ನಿಮ್ಮ ಮೀನಿಂದ ಅಪ್ಪನ ಕೆಲಸ ಹೋಗತ್ತಂತೆ. ಹೆಣ ನಾರ್ತಿದೆ ಅಂದ್ಕೊಂಡ್ರಂತೆ ಜನ."

ಪೂರಿಂಗ್ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಮಗನನ್ನು ನೋಡಿದಳು. ಅಬ್ನೆರ್ ಅನ್ನ ಕಲಸುತ್ತಲೇ ಇದ್ದ.

"ಹೌದೇನೋ?"

"ಸ್ವಲ್ಪ ದಿನ ನಿಲ್ಸಿದ್ರೆ ಒಳ್ಳೇದಮ್ಮ," ಎಂದ ಅವನು.

"ಎಷ್ಟು ದಿನ?"

"ವ್ಯಾನು ಒಳಗಿರೋವರೆಗೆ."

ಎಂದರೆ ಏಪ್ರಿಲ್‌ವರೆಗೆ. ಪೂರಿಂಗ್ ಎಲ್ಲರಿಗೂ ಬಡಿಸಿ ಮುಗಿಸಿ, ಗ್ಯಾರೇಜಿಗೆ ಹೋಗಿ ಒಲೆಯ ವೈರು ಸುತ್ತಿಟ್ಟು ಬಂದಳು. ಜಗಳವಾಗುತ್ತದೆ ಎಂದುಕೊಂಡಿದ್ದ ಡೆಲ್ಫಾಳಿಗೆ ಜಗಳವಿಲ್ಲದ್ದೇ ತಲೆಬಿಸಿಯಾಯಿತು. ಮಾರನೆಯ ದಿನದಿಂದ ಮುದುಕಿ ಮನೆಯವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ತಾನೊಬ್ಬಳೇ ಮೊದಲೇ ಅನ್ನಕ್ಕೆ ಉಪ್ಪು, ಹೆಚ್ಚಿದ ಟೊಮೇಟೊ ಹಾಕಿಕೊಂಡು ಉಣ್ಣುತ್ತಿದ್ದಳು. ಹೊಟ್ಟೆ ಸರಿಯಿಲ್ಲವೇ ಎಂದರೆ ಸರಿಯಿದೆ ಎನ್ನುತ್ತಿದ್ದಳು. ಜನವರಿ ಹೊತ್ತಿಗೆ ಮಧ್ಯಾಹ್ನವೆಲ್ಲ ನಾಲ್ಕು ಬೀದಿ ಆಚೆ ಇರುವ ಗೆಳತಿ ಸೇಲಾಳ ಮನೆಗೆ ಹೋಗತೊಡಗಿದಳು. ಸೇಲಾ ಗಂಡ ಸತ್ತವಳು, ನಾಲ್ಕನೆಯ ಮಹಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದವಳು. ಹಿಮದ ಮೇಲೆ ಕೋಲೂರಿಕೊಂಡು ಹೋಗುವ ಮುದುಕಿಯನ್ನು ಕಿಟಕಿಯಲ್ಲಿ ಕಂಡ ನೆರೆಮನೆಯಾಕೆ, ನಿಮ್ಮತ್ತೆ ಬೀಳ್ತಾರೆ ನೋಡಿ ಎಂದು ಡೆಲ್ಫಾಳಿಗೆ ಎಚ್ಚರಿಕೆ ಹೇಳಿದಳು.

ಅಲ್ಲಿಯವರೆಗೆ ಮನೆಯವರಿಗೆಲ್ಲ ಅಡುಗೆ ಮಾಡುತ್ತಿದ್ದವಳು ಪೂರಿಂಗ್. ಈಗ ಸಂಜೆ ಮನೆಗೆ ಬಂದರೆ ಒಲೆ ತಣ್ಣಗಿರುತ್ತಿತ್ತು. ಎಂಟು ಗಂಟೆ ಮುದುಕರನ್ನು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡು ಬಂದ ಡೆಲ್ಫಾ ಅಂಗಡಿಯ ಪಿಜ್ಜಾ ಬಿಸಿ ಮಾಡುವಳು. ಅಲ್ಮೀರಾ ಮೂರು ದಿನ ತಿಂದು ನಾಲ್ಕನೆಯ ದಿನ ಮುಖ ಸಿಂಡರಿಸಿದಳು. ನೀನೇ ಬಾಯಿ ಹಾಕಿದವಳು, ನೀನೇ ಅಡುಗೆ ಮಾಡು ಎಂದಳು ತಾಯಿ. ಸುಳ್ಳು ಹೇಳಿದೆನಾ ಎಂದಳು ಮಗಳು. ಅಬ್ನೆರ್ ಪಿಜ್ಜಾ ತುಂಡನ್ನು ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದ. ಫ್ಯಾನುಗಳನ್ನು ಬಿಚ್ಚಿ ರೆಕ್ಕೆ ಒರೆಸಿದ, ಪೈಪಿನೊಳಗೆ ವಿನೆಗರ್ ಓಡಿಸಿದ. ವಾಸನೆ ಪ್ರತಿ ಸೋಮವಾರದ ಹೊತ್ತಿಗೆ ಅಷ್ಟಿಷ್ಟು ಕಡಿಮೆಯಾಗುತ್ತಿತ್ತು, ಆದರೆ ಪೂರ್ತಿ ಹೋಗಲಿಲ್ಲ.

ಜನವರಿಯ ಮೂರನೆಯ ಭಾನುವಾರ ಮೈನಸ್ ಮೂವತ್ತನಾಲ್ಕು. ಚರ್ಚಿನ ನಂತರ ಅಬ್ನೆರ್‌ನ ಸೋದರಸಂಬಂಧಿಯ ಮಗುವಿನ ನಾಮಕರಣದ ಊಟವಿತ್ತು. ಮೊಣಕಾಲು ನೋವು, ಬರಲ್ಲ ಎಂದಳು ಪೂರಿಂಗ್. ಅಬ್ನೆರ್ ಯಂತ್ರಕ್ಕೆ ಗಾಳಿಯಾಡಲಿ ಎಂದು ವ್ಯಾನಿನ ಹಿಂಬಾಗಿಲು ತೆರೆದಿಟ್ಟು, ಹೀಟರು ನೋಡಿಕೊಂಡು ಹೊರಟ.

ಮನೆ ಖಾಲಿಯಾದ ಮೇಲೆ ಪೂರಿಂಗ್ ಬಕೆಟ್ಟಿನಲ್ಲಿ ಬಿಸಿನೀರು, ವಿನೆಗರ್, ನಿಂಬೆಸಿಪ್ಪೆ ಹಾಕಿಕೊಂಡು ಗ್ಯಾರೇಜಿಗೆ ಹೋದಳು. ಮಗ ವಾರಗಟ್ಟಲೆ ಒರೆಸಿಯೂ ಹೋಗದ ವಾಸನೆ ತನ್ನದು, ತಾನೇ ತೆಗೆಯುತ್ತೇನೆ ಎಂದು ಅವಳಿಗೆ ಅನಿಸಿತ್ತು. ವ್ಯಾನಿನ ನೆಲ, ಗೋಡೆ, ಚಾವಣಿ, ಪೈಪಿನ ಒಂದೊಂದು ಸುತ್ತು, ಫ್ಯಾನುಗಳು, ಎಲ್ಲವನ್ನೂ ಮೊಣಕಾಲೂರಿ ಉಜ್ಜಿದಳು. ಎರಡು ಗಂಟೆ ಹಿಡಿಯಿತು. ಮುಗಿದಾಗ ವಿನೆಗರ್ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಗಾಳಿ ಬರಲಿ ಎಂದು ಗ್ಯಾರೇಜಿನ ದೊಡ್ಡ ಬಾಗಿಲಿನ ಗುಂಡಿ ಒತ್ತಿದಳು. ಬಾಗಿಲು ಮೇಲಕ್ಕೆ ಹೋಯಿತು. ಐದು ನಿಮಿಷ ಬಿಟ್ಟು ಇಳಿಸಲು ಮತ್ತೆ ಗುಂಡಿ ಒತ್ತಿ, ಬಾಗಿಲು ಇಳಿಯುವ ಸದ್ದು ಕೇಳಿಸಿಕೊಂಡು ಮನೆಯೊಳಗೆ ಬಂದು ಕಾಲು ಚಾಚಿದಳು.

ಕೊಳೆನೀರಿನ ಬಕೆಟ್ಟು ಆ ದೊಡ್ಡ ಬಾಗಿಲಿನ ಹೊಸ್ತಿಲಲ್ಲೇ ಇತ್ತು. ಇಳಿಯುವಾಗ ಕೆಳಗೆ ಏನಾದರೂ ಅಡ್ಡ ಇದ್ದರೆ ತಾನೇ ಮೇಲಕ್ಕೆ ಹೋಗುವ ಬಾಗಿಲು ಅದು. ಬಕೆಟ್ಟಿಗೆ ತಾಗುವವರೆಗೆ ಇಳಿದು, ನಿಂತು, ಮತ್ತೆ ಪೂರ್ತಿ ತೆರೆದುಕೊಂಡಿತು. ಪೂರಿಂಗ್ ಒಳಗೆ ಟಿವಿ ಹಚ್ಚಿದ್ದಳು.

ಅದಾಗಿ ನಾಲ್ಕು ತಾಸು ಕಳೆದ ಮೇಲೆ ಡೆಲ್ಫಾ ಓಡಿಸುತ್ತಿದ್ದ ಕಾರು ಬೀದಿಗೆ ತಿರುಗಿದಾಗ ಮೊದಲು ನೋಡಿದವಳು ಅಲ್ಮೀರಾ. "ಅಪ್ಪಾ, ಬಾಗಿಲು," ಎಂದಳು. ಅಬ್ನೆರ್ ಕಾರು ನಿಲ್ಲುವ ಮುಂಚೆಯೇ ಇಳಿದು ಓಡಿದ. ಬಕೆಟ್ಟಿನ ನೀರು ಕಲ್ಲಾಗಿತ್ತು, ಅದರೊಳಗೆ ಬಟ್ಟೆ ನೆಟ್ಟಗೆ ನಿಂತಿತ್ತು. ಮೇಲೆ ಹೀಟರು ಒಂದೇ ಸಮನೆ ಉರಿದು ಬೀದಿಯನ್ನು ಬೆಚ್ಚಗೆ ಮಾಡುತ್ತಿತ್ತು. ಅವನು ಬಾಗಿಲು ಇಳಿಸಿ, ಪಂಪಿನ ಮೇಲೆ ಕೈಯಿಟ್ಟ. ಚರ್ಮ ಅಂಟಿಕೊಂಡಿತು.

ಮಂಜುಗಡ್ಡೆ ಕರಗುವವರೆಗೆ ಎಲ್ಲಿ ಒಡೆದಿದೆ ಎಂದು ತಿಳಿಯುವುದಿಲ್ಲ. ಗಟ್ಟಿಯಾಗಿರುವಾಗ ಅದೇ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ಮನೆಯಲ್ಲಿದ್ದ ಎರಡು ಸಣ್ಣ ಹೀಟರುಗಳನ್ನೂ ತಂದು ವ್ಯಾನಿನೊಳಗೆ ಇಟ್ಟು ಅವರೆಲ್ಲ ಕಾದರು. ನಾಮಕರಣದಿಂದ ಕಟ್ಟಿಸಿಕೊಂಡು ಬಂದ ಶಾವಿಗೆ ಡಬ್ಬಿಯಲ್ಲೇ ತಣಿಯಿತು. ಡೆಲ್ಫಾ ಮೂರು ಸಲ ಟೀ ಮಾಡಿ ಮೂರು ಸಲವೂ ಚೆಲ್ಲಿದಳು. ಬಾಗಿಲು ಇಳಿಸಿದ್ದೆ, ಸದ್ದು ಕೇಳಿದ್ದೆ ಎಂದು ಪೂರಿಂಗ್ ಒಂದೇ ಸಲ ಹೇಳಿದಳು. ಆಮೇಲೆ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತಳು, ಏಳಲಿಲ್ಲ.

ಆರು ಗಂಟೆಯ ಹೊತ್ತಿಗೆ ಮೊದಲ ತೊಟ್ಟು ಬಿತ್ತು. ಆಮೇಲೆ ಇನ್ನೊಂದು ಕಡೆಯಿಂದ. ಅಬ್ನೆರ್ ಯಂತ್ರದ ಅಡಿಗೆ ತೆವಳಿ ನೋಡಿದ. ಪಂಪಿನ ಹೊಟ್ಟೆ ಸೀಳಿತ್ತು. ಕಾಯಿಸುವ ಸುರುಳಿಯಲ್ಲಿ ಎರಡು ಕಡೆ ತಾಮ್ರ ಬಾಯಿಬಿಟ್ಟಿತ್ತು. ಅವನು ಎದ್ದು ಕೈ ಒರೆಸಿಕೊಂಡ. ಡೆಲ್ಫಾ ಒಳಗಿದ್ದಳು. ಟಾರ್ಚು ಹಿಡಿಯಲು ನಿಂತಿದ್ದ ಅಲ್ಮೀರಾ ಮಾತ್ರ ಪಕ್ಕದಲ್ಲಿದ್ದಳು. ಅಬ್ನೆರ್ ದನಿಯೇರಿಸಲಿಲ್ಲ.

"ನೀವು ಈ ಮನೆಗೆ ಬರೋವರೆಗೂ ನಂದು ಒಂದು ಕೆಲ್ಸಾನೂ ಕೆಟ್ಟಿರ್ಲಿಲ್ಲಮ್ಮ."

ಪೂರಿಂಗ್ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಸೇಲಾಳಿಗೆ ಫೋನು ಮಾಡಿ, ಟ್ಯಾಕ್ಸಿ ತರಿಸಿ, ಒಂದು ಸೂಟ್‌ಕೇಸು ತೆಗೆದುಕೊಂಡು ಹೊರಟುಹೋದಳು. ಅಡುಗೆಮನೆಯ ಮೇಜಿನ ಮೇಲೆ ಚೀಟಿಯಿತ್ತು. ಸೇಲಾಗೆ ಹುಷಾರಿಲ್ಲ, ಸ್ವಲ್ಪ ದಿನ ಜೊತೆಗಿರುತ್ತೇನೆ ಎಂದು.

ಬಿಡಿಭಾಗ ಬರಲು ಮೂರು ವಾರ ಎಂದರು. ಅಬ್ನೆರ್ ಪರಿಚಯದವನೊಬ್ಬನಿಂದ ಚಕ್ರದ ಮೇಲೆ ತಳ್ಳುವ ಸಣ್ಣ ಯಂತ್ರ ತಂದ. ಅದಕ್ಕೆ ಗಿರಾಕಿಯ ನಲ್ಲಿಯಿಂದ ಬಕೆಟ್ಟು ಬಕೆಟ್ಟು ನೀರು ಹೊತ್ತು ಸುರಿಯಬೇಕು, ಕೊಳೆನೀರನ್ನು ಮತ್ತೆ ಹೊತ್ತು ಚೆಲ್ಲಬೇಕು. ವ್ಯಾನಿನ ಯಂತ್ರದಲ್ಲಿ ಎರಡು ಗಂಟೆಯ ಕೆಲಸಕ್ಕೆ ಇದರಲ್ಲಿ ಐದು ಗಂಟೆ. ಭವನದ ಕೆಲಸ ಸೋಮವಾರ ಒಂಬತ್ತರೊಳಗೆ ಮುಗಿಯಲೇಬೇಕಾದ್ದರಿಂದ ಅಲ್ಮೀರಾ ಒಂದು ತರಗತಿ ಬಿಟ್ಟಳು, ಡೆಲ್ಫಾ ಪಾಳಿ ಬದಲಿಸಿಕೊಂಡಳು. ಮೂವರೂ ಸೇರಿ ಬಕೆಟ್ಟು ಹೊತ್ತರು. ವಾಸನೆ ಎಳ್ಳಷ್ಟೂ ಇರಲಿಲ್ಲ. ಮುದುಕಿ ಉಜ್ಜಿದ ಫ್ಯಾನುಗಳಿಂದ ನಿಂಬೆಯ ಪರಿಮಳ ಬರುತ್ತಿತ್ತು. ವ್ಯವಸ್ಥಾಪಕ ಬಂದು, ಮೂಸಿ, ತಲೆಯಾಡಿಸಿ ಹೋದ.

ಅಂಥದೇ ಒಂದು ಸೋಮವಾರದ ರಾತ್ರಿ ಊಟಕ್ಕೆ ಕೂತಾಗ ಡೆಲ್ಫಾ, ಅತ್ತೆ ಸಿಟ್ಟು ಮಾಡಿಕೊಂಡು ಗೆಳತಿಯ ಹುಷಾರಿನ ನೆಪ ಹೇಳುತ್ತಿದ್ದಾರೆ, ಎರಡು ವಾರವಾಯಿತು, ಇಷ್ಟು ಹಟ ಒಳ್ಳೆಯದಲ್ಲ ಎಂದಳು. ಅಲ್ಮೀರಾ ಚಮಚ ಕೆಳಗಿಟ್ಟಳು.

"ಅಪ್ಪ, ನೀವು ಅಂದಿದ್ದನ್ನ ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಅಬ್ನೆರ್ ನೀರಿನ ಲೋಟಕ್ಕೆ ಕೈ ಹಾಕಿದ. ಅಲ್ಮೀರಾ ಹೇಳಿದಳು. ಡೆಲ್ಫಾ ಗಂಡನ ಮುಖವನ್ನೇ ನೋಡಿದಳು. ಅತ್ತೆ ಹೋದ ದಿನ ಅಡುಗೆಮನೆ ತನ್ನದಾಯಿತೆಂದು ಒಳಗೊಳಗೇ ಹಗುರಾಗಿದ್ದವಳು ಅವಳು. ಡಬ್ಬಿಗಳನ್ನೆಲ್ಲ ತನಗೆ ಬೇಕಾದಂತೆ ಜೋಡಿಸಿಕೊಂಡಿದ್ದಳು. ಈಗ ಆ ಹಗುರಕ್ಕೆ ನಾಚಿಕೆಯಾಯಿತು.

"ಎರಡು ವರ್ಷ ನಾನೂ ಜಗಳ ಆಡಿದೀನಿ," ಎಂದಳು. "ಮೀನು ಬೇಡ ಅಂದಿದೀನಿ, ಪರದೆ ಒಗೀರಿ ಅಂದಿದೀನಿ. ನೀವು ಯಾಕೆ ಬಂದ್ರಿ ಅಂತ ಒಂದಿನಾನೂ ಅಂದಿಲ್ಲ. ಕಾಗದ ಬರೆದು ಬರೆದು ಕರೆಸ್ಕೊಂಡೋನು ನೀನು."

ಬುಧವಾರ ಕೆಲಸ ಮುಗಿಸಿ ಅವಳು ನೇರವಾಗಿ ಸೇಲಾಳ ಫ್ಲ್ಯಾಟಿಗೆ ಹೋದಳು. ಲಿಫ್ಟಿನಲ್ಲೇ ಹುರಿದ ಮೀನಿನ ವಾಸನೆ ಬಂತು. ಸೇಲಾ ಗುಂಡುಕಲ್ಲಿನಂತೆ ಆರೋಗ್ಯವಾಗಿದ್ದಳು. ಇಬ್ಬರು ಮುದುಕಿಯರೂ ಇಸ್ಪೀಟೆಲೆ ಹರಡಿಕೊಂಡು, ಯಾರು ಮೋಸ ಮಾಡಿದರು ಎಂದು ವಾದ ಮಾಡುತ್ತಿದ್ದರು. ಡೆಲ್ಫಾಳಿಗೆ ತಟ್ಟೆ ಹಾಕಿದರು. ಬೇಡವೆನ್ನಲು ಬಾಯಿ ಬರಲಿಲ್ಲ. ಬಿಸಿ ಅನ್ನ, ಗರಿಗರಿ ಮೀನು, ವಿನೆಗರಿನಲ್ಲಿ ನೆನೆಸಿದ ಬೆಳ್ಳುಳ್ಳಿ. ಊಟ ಮುಗಿಯುವವರೆಗೆ ಕಾದು ಅವಳು ಮಾತೆತ್ತಿದಳು.

"ಅತ್ತೆ, ಮನೆಗೆ ಬನ್ನಿ. ಅಡುಗೆಮನೇಲೇ ಹುರೀರಿ. ಕಿಟಕಿ ತೆಗೀತೀನಿ."

"ಪರದೆ?"

"ಪರದೆ ಒಗೀಬೋದು."

ಪೂರಿಂಗ್ ಸೊಸೆಯ ತಟ್ಟೆಯನ್ನು ನೋಡಿದಳು. ಮುಳ್ಳು ಬಿಟ್ಟರೆ ಏನೂ ಉಳಿದಿರಲಿಲ್ಲ. "ಒಳ್ಳೆ ಮಾತು ಆಡ್ದೆ," ಎಂದಳು. "ಪಂಪು ರಿಪೇರಿ ಆಗ್ಲಿ, ನೋಡೋಣ."

ಫೆಬ್ರವರಿಯ ಎರಡನೆಯ ವಾರ ಬಿಡಿಭಾಗ ಬಂತು. ಅಬ್ನೆರ್ ಎರಡು ದಿನ ಗ್ಯಾರೇಜಿನಲ್ಲೇ ಕೂತು ಹೊಸ ಪಂಪು, ಸುರುಳಿ ಕೂರಿಸಿದ. ಈಗ ಅವನು ಹೀಟರನ್ನೊಂದೇ ನಂಬುತ್ತಿರಲಿಲ್ಲ. ಪ್ರತಿ ಸಂಜೆ ತೊಟ್ಟಿ ಬಸಿದು, ಹೆಪ್ಪುಗಟ್ಟದ ದ್ರವವನ್ನು ಕೊಳವೆಗಳಲ್ಲೆಲ್ಲ ಓಡಿಸಿ, ಪೈಪಿನ ತುದಿಯಿಂದ ಅದರ ಗುಲಾಬಿ ಬಣ್ಣ ಬರುವವರೆಗೆ ನಿಲ್ಲುತ್ತಿದ್ದ. ಬೆಳಿಗ್ಗೆ ಮತ್ತೆ ಅದನ್ನು ತೊಳೆದು ತೆಗೆಯಬೇಕು. ಅರ್ಧ ಗಂಟೆ ಹೆಚ್ಚು ಹಿಡಿಯುತ್ತಿತ್ತು. ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ಬಾಗಿಲು ಮುಟ್ಟಿ ನೋಡದಿದ್ದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ಆ ಭಾನುವಾರ ಪೂರಿಂಗ್ ಊಟಕ್ಕೆ ಬಂದಳು. ಡೆಲ್ಫಾ ತಾನೇ ಮಾರುಕಟ್ಟೆಗೆ ಹೋಗಿ ಮೀನು ತಂದು, ಬಾಣಲೆಯನ್ನು ಒಲೆಯ ಮೇಲಿಟ್ಟು, ಹೊರಗೆ ಮೈನಸ್ ಇಪ್ಪತ್ತಿದ್ದರೂ ಕಿಟಕಿ ತೆರೆದಳು. ಎಲ್ಲರೂ ಕೋಟು ಹಾಕಿಕೊಂಡೇ ಉಂಡರು. ಪೂರಿಂಗ್ ಉಪ್ಪಿನ ಡಬ್ಬಿಗೆ ಕೈ ಹಾಕಿ, ಅದು ಅಲ್ಲಿಲ್ಲದ್ದು ನೋಡಿ, ಎಲ್ಲಿಟ್ಟಿದ್ದೀಯಮ್ಮ ಎಂದು ಕೇಳಿದಳು. ಊಟದ ನಂತರ ಪಾತ್ರೆ ಮುಟ್ಟಬೇಡಿ ಅತ್ತೆ ಎಂದಳು ಡೆಲ್ಫಾ. ಎರಡು ವರ್ಷದಲ್ಲಿ ಮೊದಲ ಸಲ ಪೂರಿಂಗ್ ಆ ಮಾತು ಕೇಳಿದಳು. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಳು.

ಅಬ್ನೆರ್ ಅವಳನ್ನು ವ್ಯಾನಿನಲ್ಲೇ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವಳು ಹೊಸ ಪಂಪಿನ ಬಗ್ಗೆಯೇ ವಿಚಾರಿಸಿದಳು. ಸದ್ದು ಕಡಿಮೆಯೋ ಹೆಚ್ಚೋ, ನೀರು ಬಸಿದು ಬಂದೆಯೋ ಇಲ್ಲವೋ ಎಂದು. ಸೇಲಾಳ ಕಟ್ಟಡದ ಮುಂದೆ ವ್ಯಾನು ನಿಲ್ಲಿಸಿ, ಇಂಜಿನ್ನು ಆರಿಸದೆ ಅವನು ಕೂತ.

"ಅವತ್ತು ನಾನು ಹಾಗನ್ನಬಾರದಿತ್ತಮ್ಮ."

"ಹೌದು, ಅನ್ನಬಾರದಿತ್ತು," ಎಂದಳು ಪೂರಿಂಗ್.

ಹೀಟರಿನ ಗಾಳಿ ಬುಸುಗುಡುತ್ತಿತ್ತು. ಅವಳು ಕೈಗವಸು ಒಂದೊಂದೇ ಬೆರಳಿಗೆ ಎಳೆದುಕೊಂಡಳು.

"ನಿಮ್ಮ ಕೋಣೆ ಹಾಗೇ ಇದೆ. ವಾಪಸ್ ಬನ್ನಿ."

"ಆ ಮಾತಿಗೇ ನಾನು ಮನೆ ಬಿಟ್ಟಿದ್ದು, ನಿಜ. ಆದ್ರೆ ಇಲ್ಲಿ ಉಳ್ಕೊಂಡಿರೋದು ಆ ಸಿಟ್ಟಿಗಲ್ಲ ಕಣೋ. ಅಲ್ಲಿ ನೀವೆಲ್ಲ ಹೊರಟ್ಮೇಲೆ ಸಂಜೆವರೆಗೂ ನಾನು ಯಾರ ಹತ್ರ ಮಾತಾಡ್ತಿದ್ದೆ ಹೇಳು? ಇಲ್ಲಿ ಸೇಲಾ ನಂಗೆ ಬೈತಾಳೆ, ನಾನು ಅವಳಿಗೆ ಬೈತೀನಿ. ಹೊತ್ತು ಹೋಗಿದ್ದೇ ಗೊತ್ತಾಗಲ್ಲ." ಅವಳು ಬಾಗಿಲು ತೆರೆದು ಕೋಲನ್ನು ಹಿಮಕ್ಕೆ ಊರಿದಳು. "ಭಾನುವಾರ ಬರ್ತೀನಿ. ನಾಳೆ ತುಂಬಾ ಚಳಿಯಂತೆ, ಯಂತ್ರ ನೋಡ್ಕೋ."

ಅಬ್ನೆರ್ ಮನೆಗೆ ಬಂದು, ವ್ಯಾನನ್ನು ಒಳಗೆ ಹಾಕಿ, ಬಾಗಿಲು ಪೂರ್ತಿ ನೆಲಕ್ಕೆ ಕೂರುವವರೆಗೆ ನಿಂತು ನೋಡಿ ಅಡುಗೆಮನೆಗೆ ಬಂದ. ಡೆಲ್ಫಾ ಪಾತ್ರೆ ತೊಳೆಯುತ್ತಿದ್ದಳು.

"ಕರೀಲಿಲ್ವಾ?"

"ಕರೆದೆ."

"ಏನಂದ್ರು?"

"ಭಾನುವಾರ ಬರ್ತೀನಿ ಅಂದ್ರು."

ಡೆಲ್ಫಾ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು, ಫ್ರಿಜ್ಜಿಗೆ ಅಂಟಿಸಿದ್ದ ಪಾಳಿಯ ಕ್ಯಾಲೆಂಡರಿನ ಮುಂದೆ ನಿಂತಳು. ತನಗೆ ಕೆಲಸ ಬಿದ್ದಿದ್ದ ಭಾನುವಾರಗಳನ್ನು ಹುಡುಕಿ, ಮಾರ್ಚಿನ ಪುಟ ಮುಗಿದು ಏಪ್ರಿಲಿನ ಪುಟ ಬರುವವರೆಗೆ, ಒಂದೊಂದರ ಮುಂದೆಯೂ ಪಾಳಿ ಬದಲಿಸಿಕೊಳ್ಳಲು ಯಾರನ್ನು ಕೇಳಬೇಕೆಂದು ಹೆಸರು ಬರೆಯತೊಡಗಿದಳು.